ಆ ಹಾಡು ಬೇಡ ಎಂದವರಲ್ಲಿ ನಾನೂ ಒಬ್ಬಳು



ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗಲೆಲ್ಲ ನಾನು ನೀರಿನ ಗಡಸುತನದ ಬಗ್ಗೆಯೋ ಹುಣಿಸೆಹಣ್ಣಿನ ಆಮ್ಲದ ಬಗ್ಗೆಯೋ ಎರಡು ಪುಟ ಗೀಚಿಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ರಸಾಯನಶಾಸ್ತ್ರದವರಿಂದ ಜನ ನಿರೀಕ್ಷಿಸುವುದೂ ಅಷ್ಟೇ. ಈ ಸಲ ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಓದಿ ಬೇಸರವಾದವರು ದಯವಿಟ್ಟು ನನಗೇ ಫೋನು ಮಾಡಿ, ಸಂಪಾದಕರಿಗೆ ಬೇಡ. ಪಾಪ, ಚಂದಾ ಹಣದ ಫೋನುಗಳೇ ಅವರಿಗೆ ಸಾಕಾಗಿವೆ.

ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಸಮಿತಿಯಲ್ಲಿ ನಾನಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಾಡುವುದಕ್ಕೆ ಹೆಸರು ಕೊಟ್ಟಿದ್ದಳು. ಊರಿನಿಂದ ಬಂದಿರುವ ಅವಳ ತಾತ ಕಲಿಸಿಕೊಟ್ಟ ಹಾಡು. ಅವರು ಕೋಲಾರದ ಕಡೆ ಮೇಷ್ಟರಾಗಿದ್ದು ನಿವೃತ್ತರಾದವರು. ಊಟದ ಮೇಜಿನ ಮೇಲೆ ಎರಡು ಕೈಯಲ್ಲಿ ತಮಟೆಯ ಗತ್ತು ಹಾಕಿ ಮೊಮ್ಮಗಳಿಗೆ ಹೇಳಿಕೊಟ್ಟರಂತೆ. ಹಾಡು ಸಿದ್ಧಲಿಂಗಯ್ಯನವರದು, ನಲವತ್ತೇಳರ ಸ್ವಾತಂತ್ರ್ಯ ಯಾರ ಪಾಲಿಗೆ ಬಂತು ಎಂದು ಕೇಳುವ ಆ ಪ್ರಸಿದ್ಧ ಹಾಡು. ಸಭೆಯಲ್ಲಿ ಪಟ್ಟಿ ಓದುತ್ತಾ ಈ ಹೆಸರು ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. "ಹಾಡೇನೋ ಚೆನ್ನಾಗಿದೆ, ರಾಜಕೀಯ ಆಗುತ್ತೇನೋ" ಎಂದರು ಒಬ್ಬರು. "ಮಕ್ಕಳೆಲ್ಲ ಇರ್ತಾರೆ" ಎಂದರು ಮತ್ತೊಬ್ಬರು. ಹಾಡಲಿರುವುದೇ ಒಂದು ಮಗು ಎಂಬುದು ಆ ಹೊತ್ತಿನಲ್ಲಿ ನಮಗೆ ಯಾರಿಗೂ ಹೊಳೆಯಲಿಲ್ಲ. ಕೊನೆಗೆ, ನಾನೇ ಮಾತನಾಡುತ್ತೇನೆ ಎಂದು ಒಪ್ಪಿಕೊಂಡವಳು ನಾನು.

ಹುಡುಗಿಯ ತಾಯಿಗೆ ಫೋನು ಮಾಡಿದೆ. ಸಮಯ ಕಡಿಮೆ, ಎಲ್ಲರಿಗೂ ಗೊತ್ತಿರುವ ಹಾಡಾದರೆ ಒಳ್ಳೆಯದು ಎಂದೆಲ್ಲ ಸುತ್ತಿ ಬಳಸಿ ಹೇಳಿದೆ. "'ಆ ಬೆಟ್ಟದಲ್ಲಿ' ಹಾಡಿಸಿಬಿಡಿ, ಎಲ್ಲರಿಗೂ ಇಷ್ಟ, ಕ್ಯಾರಿಯೋಕೆ ಟ್ರ್ಯಾಕೂ ಸಿಗುತ್ತೆ" ಎಂದು ಸಲಹೆಯನ್ನೂ ಕೊಟ್ಟೆ. ಅವರು "ಆಯ್ತು ಬಿಡಿ" ಎಂದರು. ಆ "ಬಿಡಿ" ನನ್ನ ಕಿವಿಯಲ್ಲಿ ಇನ್ನೂ ಇದೆ.

ಹುಡುಗಿ ಹಾಡಿದಳು, ಬಹಳ ಸೊಗಸಾಗಿ ಹಾಡಿದಳು. ಚಪ್ಪಾಳೆ ಬಿತ್ತು. ಆಮೇಲೆ ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತಿದ್ದಾಗ ತಾತನವರು ಪಕ್ಕಕ್ಕೆ ಬಂದು, "ತಾಯೀ, ಹಾಡು ಬದಲಾಯಿಸಿದ್ರಿ, ಕವೀನ ಬದಲಾಯಿಸೋಕಾಗಲಿಲ್ಲ ನೋಡಿ. ಇದೂ ನಮ್ಮ ಸಿದ್ಧಲಿಂಗಯ್ಯನೋರ್ದೇ" ಎಂದರು. ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.

ಮನೆಗೆ ಬಂದು ಹುಡುಕಿ ನೋಡಿದೆ. ಅವರು ಹೇಳಿದ್ದು ನಿಜ. ೧೯೯೩ರ 'ಬಾ ನಲ್ಲೆ ಮಧುಚಂದ್ರಕೆ' ಚಿತ್ರದ ಹಾಡು; ಸಂಗೀತ ಹಂಸಲೇಖ, ಸಾಹಿತ್ಯ ಸಿದ್ಧಲಿಂಗಯ್ಯ. ಎಷ್ಟೋ ವರ್ಷಗಳಿಂದ ಕಾರಿನಲ್ಲಿ, ಪಿಕ್‌ನಿಕ್ಕಿನಲ್ಲಿ, ಹುಟ್ಟುಹಬ್ಬದ ಮನೆಗಳಲ್ಲಿ ಹಾಡಿಕೊಂಡು ಬಂದ ಹಾಡು ಯಾರದೆಂದು ನಾನು ಕೇಳಿಯೇ ಇರಲಿಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಪ್ರತಿ ವರ್ಷ ಏಪ್ರಿಲ್ ೧೪ರಂದು ಅಂಬೇಡ್ಕರ್ ಜಯಂತಿಗೆ ಇದೇ ಕವಿಯ ಬೇರೆ ಹಾಡುಗಳು ಹಾಸ್ಟೆಲಿನ ಕಡೆಯಿಂದ ಕೇಳಿಬರುತ್ತಿದ್ದವು. ಅವು "ಅವರ" ಹಾಡುಗಳು, ಇದು "ನಮ್ಮ" ಹಾಡು ಎಂದು ನನ್ನ ತಲೆಯಲ್ಲಿ ಯಾರೋ ಎರಡು ಕಪಾಟು ಮಾಡಿಟ್ಟಿದ್ದರು. ಒಂದೇ ಕೈ ಎರಡನ್ನೂ ಬರೆದಿದೆ ಎಂಬುದು ಆ ಕಪಾಟುಗಳಿಗೆ ಹೊಂದಿಕೆಯಾಗುತ್ತಿರಲಿಲ್ಲ.

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ನಾಲ್ಕು ಮಾತು. ಸಿದ್ಧಲಿಂಗಯ್ಯನವರು ೧೯೫೪ರಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದವರು. ೧೯೭೩ರಲ್ಲಿ, ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯದಲ್ಲೆಲ್ಲ ಗಲಭೆಯಾಗಿ ಅವರು ರಾಜೀನಾಮೆ ಕೊಡಬೇಕಾಯಿತು. ಆ ಗಲಭೆಯಲ್ಲಿ ಪೆಟ್ಟು ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಅನೇಕರು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಹೆಸರಿನಲ್ಲೇ ಅದು ಹಾಡು, ಕವನ ಎನ್ನಲಿಲ್ಲ. ಪುಸ್ತಕ ತಲುಪದ ಊರಿಗೂ ಹಾಡು ತಲುಪಿತು. ಅಕ್ಷರ ಬಾರದವರು ಬಾಯಿಪಾಠ ಮಾಡಿದರು. ಮೆರವಣಿಗೆಯಲ್ಲಿ, ಧರಣಿಯಲ್ಲಿ, ಯಾರನ್ನೋ ಕೊಂದ ಸುದ್ದಿ ಬಂದ ರಾತ್ರಿಯಲ್ಲಿ ಹಾಡಿದರು. ರೇಡಿಯೋ, ಕ್ಯಾಸೆಟ್ಟು, ಸಿನಿಮಾ ಯಾವುದರ ಸಹಾಯವೂ ಇಲ್ಲದೆ ಹಬ್ಬಿದ ಆ ಹಾಡುಗಳನ್ನು ಜನಪ್ರಿಯ ಸಂಗೀತ ಎನ್ನದೆ ಇನ್ನೇನೆನ್ನಬೇಕು? ಅದೇ ಕವಿ ಮುಂದೆ ವಿಧಾನ ಪರಿಷತ್ತಿನ ಸದಸ್ಯರಾದರು, ೨೦೧೫ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ೨೦೨೧ರ ಜೂನ್ ೧೧ರಂದು ಕೋವಿಡ್‌ನಿಂದ ತೀರಿಕೊಂಡರು. ಅವರ ಕೊನೆಗಾಲದ ಕವಿತೆಗಳಲ್ಲಿ ಮೊದಲಿನ ಕಾವಿಲ್ಲ ಎನ್ನುವವರೂ ಇದ್ದಾರೆ. ಇರಬಹುದು. ಮೊದಲಿನ ಕಾವೇ ನಮ್ಮಿಂದ ತಡೆದುಕೊಳ್ಳಲಾಗಲಿಲ್ಲ ಎಂಬುದು ಇಲ್ಲಿ ನನ್ನ ವಿಷಯ.

"ಹಳೆಯ ಕಾಲದ ಹೋರಾಟದ ಹಾಡುಗಳಿಗೆ ಈಗ ಜಾಗ ಎಲ್ಲಿದೆ? ಜನ ಸಂಗೀತ ಕೇಳುವುದು ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೆ" ಎಂದು ಸಮಿತಿಯ ಸ್ನೇಹಿತರೊಬ್ಬರು ಆಮೇಲೆ ನನ್ನೊಡನೆ ವಾದ ಮಾಡಿದರು. ಮಾತು ಸರಿ ಎನಿಸಿತು. ಆದರೆ ಆ ಸಂಜೆಯ ಕಾರ್ಯಕ್ರಮದ ಪಟ್ಟಿಯನ್ನು ಮತ್ತೆ ತೆಗೆದು ನೋಡಿದಾಗ ನನಗೇ ಆಶ್ಚರ್ಯವಾಯಿತು.

ನಾವು 'ಉದಯವಾಗಲಿ'ಯಿಂದ ಆರಂಭಿಸಿದ್ದೆವು. ಹುಯಿಲಗೋಳ ನಾರಾಯಣರಾಯರ ಈ ಗೀತೆಯನ್ನು ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಆಗ ಕನ್ನಡ ಮಾತನಾಡುವ ಜನ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಭೂಪಟದ ಗೆರೆಗಳನ್ನು ಅಳಿಸಿ ಹೊಸದಾಗಿ ಎಳೆಯಿರಿ ಎಂಬ ಬೇಡಿಕೆಗಿಂತ ದೊಡ್ಡ ರಾಜಕೀಯ ಇನ್ನಾವುದು? ೧೯೫೬ರ ನವೆಂಬರ್ ೧ರಂದು ಆ ಬೇಡಿಕೆ ಈಡೇರಿತು, ಹಾಡು "ಸಾಂಸ್ಕೃತಿಕ"ವಾಯಿತು. ಕೊನೆಗೆ ಎಲ್ಲರೂ ಎದ್ದು ಕುಣಿದದ್ದು 'ಆಕಸ್ಮಿಕ' ಚಿತ್ರದ 'ಹುಟ್ಟಿದರೆ' ಹಾಡಿಗೆ. ಅದೂ ೧೯೯೩ರದು, ಅದೂ ಹಂಸಲೇಖರದು. ಅದನ್ನು ಹಾಡಿದ ರಾಜಕುಮಾರ್ ಅದಕ್ಕೆ ಹನ್ನೊಂದು ವರ್ಷ ಮೊದಲು, ೧೯೮೨ರಲ್ಲಿ, ಗೋಕಾಕ್ ವರದಿಯ ಜಾರಿಗಾಗಿ ಬೀದಿಗೆ ಇಳಿದಿದ್ದರು. ಶಾಲೆಯಲ್ಲಿ ಮೊದಲ ಭಾಷೆ ಯಾವುದಾಗಬೇಕು ಎಂಬ ಸರ್ಕಾರಿ ಪ್ರಶ್ನೆಗೆ ಒಬ್ಬ ನಟ ಊರೂರು ತಿರುಗಿ ಲಕ್ಷಾಂತರ ಜನರನ್ನು ಎಬ್ಬಿಸಿದ ಕಥೆಯನ್ನು ನಮ್ಮಲ್ಲಿ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಅಂದರೆ ಅದೇ ವರ್ಷ ಅದೇ ಸಂಗೀತಗಾರನಿಂದ ಬಂದ ಎರಡು ಹಾಡು ಆ ಸಂಜೆ ನಮ್ಮ ವೇದಿಕೆಯ ಮೇಲಿದ್ದವು. ರಾಜಕೀಯವಾದದ್ದನ್ನು ನಾವು ಹಬ್ಬವೆಂದು ಕುಣಿದೆವು; ರಾಜಕೀಯದ ಕವಿ ಬರೆದ ಪ್ರೇಮಗೀತೆಯನ್ನು ಅವನಿಂದ ತಪ್ಪಿಸಿಕೊಳ್ಳುವುದಕ್ಕೆ ಬಳಸಿಕೊಂಡೆವು.

ನಡುವೆ ಪುಟ್ಟ ಮಕ್ಕಳು ಬಸವಣ್ಣನವರ ವಚನ ಹಾಡಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ, ತಂದೆಯರಿಬ್ಬರೂ ಪ್ರಾಣ ತೆತ್ತರು, ಶರಣರು ಊರು ಬಿಟ್ಟು ಚದುರಿದರು ಎಂಬ ಕಥೆ ನಮಗೆಲ್ಲ ಗೊತ್ತು. ಆ ಜಗಳದ ನಡುವಿನಿಂದ ಬಂದ ಮಾತುಗಳಿಗೆ ಇಂಪಾದ ರಾಗ ಕೂಡಿಸಿ, ಜರಿ ಲಂಗ ತೊಡಿಸಿ, ಕೈಮುಗಿಸಿ ನಿಲ್ಲಿಸಿದ್ದೇವೆ. ಎಂಟುನೂರು ವರ್ಷವಾಯಿತಲ್ಲ, ಇನ್ನು ಅಪಾಯವಿಲ್ಲ. ವಿಚಿತ್ರವೆಂದರೆ, ಏಕೀಕರಣದ ಜಗಳವೇನೋ ಮುಗಿದಿದೆ, ವಚನಗಳ ಜಗಳ ಮುಗಿದಿಲ್ಲ. ಸಿದ್ಧಲಿಂಗಯ್ಯನವರದೂ ಅದೇ ಜಗಳ. ಹಳೆಯ ಕನ್ನಡದಲ್ಲಿ ಕೇಳಿದರೆ ಭಕ್ತಿ, ಶ್ರೀರಾಮಪುರದ ಕನ್ನಡದಲ್ಲಿ ಕೇಳಿದರೆ ರಾಜಕೀಯ!

(ಹಾಡು ಎಂದರೆ ಬರೀ ಹಾಡು ಎನ್ನುವವರು ನಮ್ಮ ನಾಡಗೀತೆಯ ಕಥೆ ಕೇಳಬೇಕು. ೨೦೦೪ರಲ್ಲಿ ಕುವೆಂಪು ಅವರ ಕವನವನ್ನು ನಾಡಗೀತೆ ಎಂದು ಸಾರಿದ ಮೇಲೆ ಯಾರ ಧಾಟಿ ಎಂಬ ವ್ಯಾಜ್ಯ ಮುಗಿಯಲೇ ಇಲ್ಲ. ೨೦೨೨ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಆದೇಶ ಹೊರಡಿಸಿತು. ಅದೂ ಹೈಕೋರ್ಟಿಗೆ ಹೋಯಿತು. ನಮ್ಮಲ್ಲಿ ಮೈಕು ಸರಿಮಾಡುವುದಕ್ಕೇ ಎರಡೂವರೆ ನಿಮಿಷ ಹಿಡಿಯುತ್ತದೆ.)

ನಾವು ಈಗ ಇರುವ ಊರೂ ಈ ವಿಷಯದಲ್ಲಿ ಕಡಿಮೆಯದಲ್ಲ. ಎರಡು ಬೇಸಿಗೆಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಗ್ರ್ಯಾಂಡ್ ಕೂಲಿ ಅಣೆಕಟ್ಟು ನೋಡಲು ಹೋಗಿದ್ದೆವು. ೧೯೪೧ರ ಮೇ ತಿಂಗಳಲ್ಲಿ ಬಾನ್‌ವಿಲ್ ವಿದ್ಯುತ್ ಆಡಳಿತ ಎಂಬ ಸರ್ಕಾರಿ ಕಛೇರಿ ವುಡಿ ಗಥ್ರಿ ಎಂಬ ಹಾಡುಗಾರನನ್ನು ಒಂದು ತಿಂಗಳ ಮಟ್ಟಿಗೆ ಕೆಲಸಕ್ಕೆ ಇಟ್ಟುಕೊಂಡಿತು. ಸಂಬಳ ೨೬೬ ಡಾಲರ್ ೬೬ ಸೆಂಟ್. ಆತ ಆ ತಿಂಗಳಲ್ಲಿ ಬರೆದದ್ದು ೨೬ ಹಾಡು, ಅಂದರೆ ಹಾಡಿಗೆ ಹತ್ತು ಡಾಲರ್ ಚಿಲ್ಲರೆ. ವಿದ್ಯುತ್ತು ಖಾಸಗಿ ಕಂಪನಿಗಳ ಕೈಯಲ್ಲಿರಬೇಕೋ ಸಾರ್ವಜನಿಕರ ಕೈಯಲ್ಲೋ ಎಂದು ಈ ರಾಜ್ಯಗಳಲ್ಲಿ ಆಗ ದೊಡ್ಡ ಕಾದಾಟ ನಡೆದಿತ್ತು. ಹಾಡುಗಳು ಸಾರ್ವಜನಿಕರ ಪರವಾಗಿ ಪ್ರಚಾರ ಮಾಡುವುದಕ್ಕೆ. ಅವುಗಳಲ್ಲಿ ಒಂದಾದ 'ರೋಲ್ ಆನ್ ಕೊಲಂಬಿಯಾ' ೧೯೮೭ರಲ್ಲಿ ವಾಷಿಂಗ್ಟನ್ ರಾಜ್ಯದ ಅಧಿಕೃತ ಜನಪದ ಗೀತೆಯಾಯಿತು. ಸಿಯಾಟಲ್ ನಗರದ ವಿದ್ಯುತ್ತಿನ ಬಹುಪಾಲು ನೀರಿನಿಂದಲೇ ಬರುತ್ತದೆ. ಅಲ್ಲಿರುವವರ ದೋಸೆಹಿಟ್ಟಿನ ಗ್ರೈಂಡರು ತಿರುಗುವುದರಲ್ಲಿ ಆ ಹಾಡುಗಳದೂ ಒಂದು ಚೂರು ಪಾಲಿದೆ ಎಂದರೆ ಅತಿಯಾಗಲಾರದು.

ಹಾಗೆಂದು ರಾಜಕೀಯದ ಹಾಡು ಯಾವಾಗಲೂ ಸರಿಯಾದದ್ದನ್ನೇ ಹೇಳುತ್ತದೆ ಎಂದೇನಲ್ಲ. ಅಣೆಕಟ್ಟಿನ ನೀರು ಏರುವ ಮುನ್ನ, ೧೯೪೦ರ ಜೂನ್‌ನಲ್ಲಿ, ತಲತಲಾಂತರದಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದ ಕೆಟಲ್ ಫಾಲ್ಸ್ ಎಂಬ ಜಲಪಾತದ ಬಳಿ ಇಲ್ಲಿನ ಮೂಲನಿವಾಸಿಗಳು ಸೇರಿ ಅದಕ್ಕೆ ಅತ್ತು ವಿದಾಯ ಹೇಳಿದರು. ಗಥ್ರಿಯ ಹಾಡುಗಳಲ್ಲಿ ಆ ಅಳು ಕೇಳಿಸುವುದಿಲ್ಲ. 'ರೋಲ್ ಆನ್ ಕೊಲಂಬಿಯಾ'ದ ಮೊದಲ ರೂಪದಲ್ಲಿ ಮೂಲನಿವಾಸಿಗಳನ್ನು ಸೋಲಿಸಿದ್ದನ್ನು ಹೊಗಳುವ ನುಡಿಗಳೇ ಇದ್ದವು. ಈಗ ಅವನ್ನು ಹಾಡುವುದಿಲ್ಲ, ಬಿಟ್ಟದ್ದೇ ಒಳ್ಳೆಯದಾಯಿತು. ಆದರೆ ಆತನ ಇನ್ನೊಂದು ಹಾಡಿನಲ್ಲಿ ಬೇರೆ ಬಗೆಯ ಕತ್ತರಿ ಆಡಿದೆ. ನಮ್ಮ ಮಕ್ಕಳು ಎಲಿಮೆಂಟರಿ ಶಾಲೆಯಲ್ಲಿ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಹಾಡುತ್ತಾರಲ್ಲ, ೧೯೪೦ರಲ್ಲಿ ಅದನ್ನು ಬರೆದಾಗ ಖಾಸಗಿ ಆಸ್ತಿಯ ಫಲಕದ ಬಗ್ಗೆ, ಪರಿಹಾರದ ಕಛೇರಿಯ ಮುಂದೆ ಹಸಿದು ನಿಂತವರ ಬಗ್ಗೆ ನುಡಿಗಳಿದ್ದವು. ಶಾಲೆಯ ಪುಸ್ತಕಗಳಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ೨೦೦೯ರ ಜನವರಿ ೧೮ರಂದು, ಒಬಾಮಾ ಅಧಿಕಾರ ವಹಿಸಿಕೊಳ್ಳುವ ಎರಡು ದಿನ ಮೊದಲು, ಲಿಂಕನ್ ಸ್ಮಾರಕದ ಮುಂದೆ ಎಂಬತ್ತೊಂಬತ್ತು ವರ್ಷದ ಪೀಟ್ ಸೀಗರ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ನಿಂತು ಆ ಬಿಟ್ಟುಹೋದ ನುಡಿಗಳನ್ನೂ ಸೇರಿಸಿ ಹಾಡಿದರು. ಆ ಮುದುಕರನ್ನು ನೆನೆದಾಗ ನನಗೆ ನಮ್ಮ ಕೋಲಾರದ ತಾತನವರ ಮುಖ ಕಣ್ಣ ಮುಂದೆ ಬರುತ್ತದೆ.

ಇಂದಿನ ಕಾಲದಲ್ಲಿ ಇವೆಲ್ಲ ಓಡುವುದಿಲ್ಲ ಎಂಬ ಮಾತಿಗೆ ಉತ್ತರವನ್ನು ನಮ್ಮ ಮಕ್ಕಳ ಫೋನಿನಲ್ಲೇ ಹುಡುಕಬಹುದು. ೨೦೨೧ರ ಮಾರ್ಚ್‌ನಲ್ಲಿ ಬಂದ ತಮಿಳಿನ 'ಎಂಜಾಯ್ ಎಂಜಾಮಿ' ಹಾಡಿಗೆ ನನ್ನ ಮಗನೂ ಕುಣಿದಿದ್ದಾನೆ. ಬರೆದ ಅರಿವು ಅದರಲ್ಲಿ ಹಾಡಿರುವುದು ತನ್ನ ಅಜ್ಜಿಯಂಥ ಭೂಮಿಯಿಲ್ಲದ ತೋಟದ ಕೂಲಿಗಳ ಬದುಕನ್ನು. ಕೋಟಿಗಟ್ಟಲೆ ಜನ ಕೇಳಿದರು. ಕುಣಿದವರಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ದೇವರೇ ಬಲ್ಲ, ಆದರೆ ಹಾಡು ತನ್ನ ಮಾತನ್ನು ಎಲ್ಲೂ ನುಂಗಿಕೊಂಡಿಲ್ಲ. ನಮ್ಮ ಕನ್ನಡದ ಸಿನಿಮಾ ಹಾಡುಗಳಲ್ಲಿ ಇಷ್ಟು ಧೈರ್ಯ ಅಪರೂಪ ಎಂದು ಒಪ್ಪಿಕೊಳ್ಳಲೇಬೇಕು. ನಮ್ಮಲ್ಲಿ ಕನ್ನಡಾಭಿಮಾನದ ಹಾಡಿಗೆ ಇರುವ ಮಾರುಕಟ್ಟೆ ಕನ್ನಡಿಗರೊಳಗಿನ ಅನ್ಯಾಯದ ಹಾಡಿಗೆ ಇಲ್ಲ. ಹೊರಗಿನವರ ಮೇಲೆ ಸಿಟ್ಟಾಗುವುದು ಸುಲಭ, ಟಿಕೆಟ್ಟೂ ಮಾರಾಟವಾಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಬಂಡಾಯದ ಹೆಸರಿನಲ್ಲಿ ಬಂದ ಹಾಡುಗಳಲ್ಲಿ ಮುಕ್ಕಾಲು ಪಾಲು ಭಾಷಣಕ್ಕೆ ರಾಗ ಹಚ್ಚಿದವು. ಅವು ಮರೆತುಹೋದದ್ದಕ್ಕೆ ನನಗೆ ದುಃಖವಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ನೂರು ಪ್ರಯೋಗ ಮಾಡಿ ಮೂರು ಫಲಿಸಿದರೆ ಹಬ್ಬ ಮಾಡುತ್ತೇವೆ. ಹಾಡಿನಲ್ಲೂ ಅಷ್ಟೇ ಇರಬೇಕು. ಆದರೆ ಆ ಹುಡುಗಿಯ ಹಾಡನ್ನು ನಾವು ಚೆನ್ನಾಗಿಲ್ಲವೆಂದು ತಡೆಯಲಿಲ್ಲ. ಐವತ್ತು ವರ್ಷ ಜನರ ಬಾಯಲ್ಲಿ ಸವೆಯದೆ ಉಳಿದ ಹಾಡು ಅದು. ಚೆನ್ನಾಗಿದೆ ಎಂದು ಗೊತ್ತಿದ್ದೇ ತಡೆದೆವು.

ಯಾಕೆ ತಡೆದೆವು ಎಂಬುದನ್ನೂ ಬಚ್ಚಿಡುವುದು ಬೇಡ. ೨೦೨೩ರ ಫೆಬ್ರವರಿ ೨೧ರಂದು ಸಿಯಾಟಲ್ ನಗರಸಭೆ ತಾರತಮ್ಯವನ್ನು ನಿಷೇಧಿಸುವ ತನ್ನ ಕಾನೂನಿನಲ್ಲಿ ಜಾತಿಯನ್ನೂ ಸೇರಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಇದು. ಪರವಾಗಿ ಆರು ಮತ, ವಿರುದ್ಧ ಒಂದು. ಆ ಚಳಿಗಾಲದಲ್ಲಿ ನಮ್ಮ ಪಾಟ್‌ಲಕ್‌ಗಳು ಹೇಗಿದ್ದವು ಎಂದು ನಿಮಗೆ ನೆನಪಿರಬೇಕು. ಇದರಿಂದ ನಮ್ಮನ್ನೆಲ್ಲ ಆಫೀಸಿನಲ್ಲಿ ಅನುಮಾನದಿಂದ ನೋಡುತ್ತಾರೆ ಎಂದು ನಿಜವಾಗಿಯೇ ಹೆದರಿದವರಿದ್ದರು. ಇಷ್ಟು ದಿನಕ್ಕಾದರೂ ಬಂತಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಾಯಿಬಿಡದೆ ಅನ್ನ ಕಲಸಿದವರೂ ಇದ್ದರು. ಯಾರು ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಕೇಳದಿರುವುದೇ ಒಗ್ಗಟ್ಟು ಎಂದುಕೊಂಡೆವು. ಆ ಹುಡುಗಿಯ ಮನೆಯವರು ಎಷ್ಟೋ ವರ್ಷಗಳಿಂದ ಚಂದಾ ಕೊಟ್ಟು, ಕುರ್ಚಿ ಜೋಡಿಸಿ, ಪಾತ್ರೆ ತೊಳೆದು ಹೋಗುತ್ತಿದ್ದಾರೆ. ಮೊದಲ ಸಲ ತಮ್ಮ ಮನೆಯ ಹಾಡೊಂದನ್ನು ವೇದಿಕೆಗೆ ತಂದರು. ನಾವು ಕ್ಯಾರಿಯೋಕೆ ಟ್ರ್ಯಾಕು ಸಿಗುವುದಿಲ್ಲ ಎಂದೆವು.

ನಮ್ಮದು ೫೦೧(ಸಿ)(೩) ಸಂಸ್ಥೆ, ರಾಜಕೀಯ ಕೂಡದು ಎಂಬ ವಾದವೂ ಸಭೆಯಲ್ಲಿ ಬಂದಿತ್ತು. ಆ ಕಲಮು ನಿಷೇಧಿಸುವುದು ಚುನಾವಣೆಯ ಅಭ್ಯರ್ಥಿಯ ಪರವಾಗಿ ಅಥವಾ ವಿರುದ್ಧವಾಗಿ ಪ್ರಚಾರ ಮಾಡುವುದನ್ನು. ೧೯೪೭ರ ಬಗ್ಗೆ ಪ್ರಶ್ನೆ ಕೇಳುವ ಹಾಡಿಗೆ ತೆರಿಗೆ ಇಲಾಖೆಯವರು ನೋಟೀಸು ಕಳಿಸುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪಣೆ ಇದೆ: ಇಂದು ಇದನ್ನು ಬಿಟ್ಟರೆ ನಾಳೆ ಇನ್ನಾರೋ ತಮ್ಮ ಪಕ್ಷದ, ತಮ್ಮ ಮಠದ, ತಮ್ಮ ಸೇನೆಯ ಹಾಡು ತರುತ್ತಾರೆ, ಅದನ್ನು ಕೇಳಿ ನೀವು ಕೂರುತ್ತೀರಾ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಓಟು ಕೇಳುವ ಹಾಡು ಬೇಡ, ಇಲ್ಲಿ ಕೂತ ಯಾರನ್ನಾದರೂ ತುಳಿಯುವ ಹಾಡು ಬೇಡ ಎಂಬಷ್ಟರ ಮಟ್ಟಿಗೆ ಒಂದು ಗೆರೆ ಎಳೆಯಬಹುದು. ಆ ಗೆರೆಯ ಈಚೆ ನನಗೆ ಹಿಡಿಸದ ಹಾಡೂ ಬಂದರೆ ಕೂತು ಕೇಳುತ್ತೇನೆ, ತೀರಾ ಆಗದಿದ್ದರೆ ಕಾಫಿಗೆ ಎದ್ದು ಹೋಗುತ್ತೇನೆ. ಆ ಹುಡುಗಿಯ ಹಾಡು ಯಾರನ್ನೂ ತುಳಿಯುತ್ತಿರಲಿಲ್ಲ. ತುಳಿಸಿಕೊಂಡವರು ಯಾರು ಎಂದಷ್ಟೇ ಹೇಳುತ್ತಿತ್ತು.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಫೋನಿನಲ್ಲಿ ಹೇಳಿದ್ದು ಸುಳ್ಳು, ಸಮಯ ಕಡಿಮೆ ಇರಲಿಲ್ಲ ಎಂದು ಆ ತಾಯಿಗೆ ಹೇಳಿದೆ. ಅವರು "ಗೊತ್ತಿತ್ತು ಬಿಡಿ" ಎಂದು ಕಾಫಿ ತಂದರು. ತಾತನವರು ಮೇಜಿನ ಮೇಲೆ ಗತ್ತು ಹಾಕಿ ಇಡೀ ಹಾಡನ್ನು ಒಂದು ನುಡಿಯೂ ಬಿಡದೆ ಹಾಡಿ ತೋರಿಸಿದರು. ಆರೂವರೆ ನಿಮಿಷವಾಯಿತು. ಯುಗಾದಿ ಕಾರ್ಯಕ್ರಮದ ಪಟ್ಟಿ ಮುಂದಿನ ತಿಂಗಳ ಸಭೆಯಲ್ಲಿ ಆಗುತ್ತದೆ. ಈ ಹಾಡಿಗೆ ಏಳು ನಿಮಿಷ ಕೊಡಬೇಕೆಂದು ನನ್ನ ಹೆಸರಿನಲ್ಲೇ ಅರ್ಜಿ ಬರೆದುಕೊಟ್ಟಿದ್ದೇನೆ. ಒಪ್ಪದವರು ಸಭೆಗೆ ಬಂದು ಮಾತನಾಡಲಿ ಎಂದು ವಿನಂತಿ. ತಾತನವರ ಆರು ತಿಂಗಳ ಗಡುವು ಏಪ್ರಿಲ್‌ನಲ್ಲಿ ಮುಗಿಯುತ್ತದೆ, ಅಷ್ಟರೊಳಗೆ ಯುಗಾದಿ ಬಂದುಹೋಗಿರುತ್ತದೆ. ಯಾರ ಮನೆಯಲ್ಲಾದರೂ ತಮಟೆ ಇದ್ದರೆ ತಿಳಿಸಿ. ಇಲ್ಲದಿದ್ದರೆ ಮೇಜು ಹೇಗೂ ಇದೆ.